ಎರಡು ದೇಶಗಳ ನಡುವೆ ಅರ್ಧಕ್ಕೆ ನಿಲ್ಲುವ ಚಿಕಿತ್ಸೆ: ಪರದೇಶದಲ್ಲಿ ಮೂತ್ರದ ಹರಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳಿಂದ ಹಿಡಿದು ಬಾಗಲಕೋಟೆ, ಬೆಳಗಾವಿಯವರೆಗೆ, ಮನೆಯ ಒಬ್ಬರಾದರೂ ಸೌದಿ, ದುಬೈ, ಕುವೈತ್ ಅಥವಾ ಕತಾರಿನಲ್ಲಿ ದುಡಿಯುತ್ತಿರುವ ಕುಟುಂಬಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಊರಿಗೆ ಬಂದಾಗ ತೋರಸ್ತೀನಿ." ಹಲ್ಲುನೋವಿಗೂ ಅದೇ ಮಾತು, ಮೂಲವ್ಯಾಧಿಗೂ ಅದೇ ಮಾತು, ಟೊಂಕದಲ್ಲಿ ಹುಟ್ಟಿ ತೊಡೆಸಂದಿಗೆ ಇಳಿದು ಗಟ್ಟಿ ಆಳನ್ನೂ ನೆಲದ ಮೇಲೆ ಹೊರಳಾಡಿಸುವ ಮೂತ್ರದ ಹರಳಿನ ನೋವಿಗೂ ಅದೇ ಮಾತು. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ರಜೆ ಸಿಗದಿರುವುದು, ಸಂಬಳ ಕಡಿತವಾಗುವುದು, ವೈದ್ಯರಿಗೆ ನೋವನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದಿರುವುದು, ರೋಗಿಯೆಂದು ಗೊತ್ತಾದರೆ ಮುಂದಿನ ಕರಾರು ನವೀಕರಣವಾಗದೆಂಬ ಭಯ ಇವೆಲ್ಲ ಅದರ ಹಿಂದಿವೆ. ಆದರೂ ಹರಳಿನ ವಿಷಯದಲ್ಲಿ ಈ ಮಾತು ಕೆಲವೊಮ್ಮೆ ಸರಿ, ಕೆಲವೊಮ್ಮೆ ಒಂದು ಕಿಡ್ನಿಯನ್ನೇ ಕಳೆದುಕೊಳ್ಳುವಷ್ಟು ತಪ್ಪು. ಯಾವಾಗ ಸರಿ, ಯಾವಾಗ ತಪ್ಪು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡವರು ನಮ್ಮಲ್ಲಿ ಕಡಿಮೆ.

ಇದು ನನಗೆ ಮನವರಿಕೆಯಾದದ್ದು ನಮ್ಮ ಕಾಕಾನ ಮಗನ ಅನುಭವದಿಂದ. ಸೌದಿಯಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದ ಅವನಿಗೆ ಜುಲೈ ತಿಂಗಳ ಒಂದು ರಾತ್ರಿ ನೋವು ಶುರುವಾಗಿ, ಬೆಳಗಿನ ಹೊತ್ತಿಗೆ ನಡುಕದ ಜ್ವರವೂ ಬಂದಾಗ, ಕ್ಯಾಂಪಿನ ಗೆಳೆಯರು ಆಸ್ಪತ್ರೆಗೆ ಸೇರಿಸಿದರು. ಎಡಗಡೆಯ ಮೂತ್ರನಾಳದಲ್ಲಿ, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ, 9 ಮಿ.ಮೀ. ಹರಳು ಸಿಕ್ಕಿಕೊಂಡಿತ್ತು. ವೈದ್ಯರು ಅಂದೇ ಮೂತ್ರ ಇಳಿಯಲೆಂದು ನಾಳದೊಳಗೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಟ್ಟು, ಸೋಂಕು ಇಳಿದ ಮೇಲೆ ಹರಳು ತೆಗೆಯುವುದಾಗಿ ತಿಳಿಸಿ ಕಳುಹಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಎರಡನೆಯ ಹಂತಕ್ಕೆ ವಿಮಾ ಕಂಪನಿಯ ಒಪ್ಪಿಗೆ ತಡವಾಯಿತು, ಅಷ್ಟರಲ್ಲಿ ಅವನ ಕರಾರು ಮುಗಿದು ಬೇರೆ ಕಂಪನಿ ಸೇರಿದ, ಹೊಸ ಕಾರ್ಡಿನಲ್ಲಿ ಆ ಆಸ್ಪತ್ರೆ ಇರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ, "ಅಣ್ಣಾ, ಈಗ ಅಂಥಾ ತ್ರಾಸ್ ಏನಿಲ್ಲ, ಒಂದಕ್ಕ ಹ್ವಾದಾಗ ಒಂದೀಟ ಉರಿತೈತಿ ಅಷ್ಟ, ಊರಿಗೆ ಬಂದಾಗ ತೋರಸ್ತೀನಿ" ಎನ್ನುತ್ತಿದ್ದ. ಹತ್ತು ತಿಂಗಳ ನಂತರ ವಿಜಯಪುರದಲ್ಲಿ ಎಕ್ಸ್‌ರೇ ತೆಗೆಸಿದಾಗ ಆ ಸ್ಟೆಂಟಿನ ಎರಡೂ ತುದಿಗಳ ಸುತ್ತ ಸುಣ್ಣ ಕಟ್ಟಿದಂತೆ ಹೊಸ ಹರಳು ಬೆಳೆದಿತ್ತು. ಹತ್ತೇ ನಿಮಿಷದಲ್ಲಿ ಹೊರತೆಗೆಯಬಹುದಾಗಿದ್ದ ಒಂದು ಮೆತ್ತನೆಯ ಕೊಳವೆಗಾಗಿ ಎರಡು ಬಾರಿ ಅರಿವಳಿಕೆ ಕೊಡಬೇಕಾಯಿತು.

ಅವನಿಗೆ ಹಾನಿ ಮಾಡಿದ್ದು ಮೊದಲಿನ ಹರಳಲ್ಲ, ಎರಡು ದೇಶ, ಎರಡು ಕಂಪನಿ, ಎರಡು ವಿಮಾ ಕಾರ್ಡುಗಳ ನಡುವೆ ಎಲ್ಲಿಯೋ ಕೈಜಾರಿದ ಚಿಕಿತ್ಸೆ. ಪರದೇಶದಲ್ಲಿರುವ ನಮ್ಮವರ ಹರಳಿನ ಸಮಸ್ಯೆಯನ್ನು ನಾನು ಈ ಕೋನದಿಂದಲೇ ನೋಡುತ್ತೇನೆ.

ಕೊಲ್ಲಿ ದೇಶಗಳಿಗೆ ಹೋದ ಮೇಲೆಯೇ ಹರಳು ಕಾಣಿಸಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಮೂತ್ರದಲ್ಲಿ ಕರಗಿರುವ ಲವಣಗಳು, ನೀರು ಕಡಿಮೆಯಾದಾಗ ಬೆಲ್ಲದ ಪಾಕ ಗಟ್ಟಿಯಾಗಿ ಹರಳುಗಟ್ಟಿದಂತೆ, ಕಣಕಣವಾಗಿ ಕೂಡಿಕೊಳ್ಳುತ್ತವೆ. ಬಿಸಿಲಿನಲ್ಲಿ ದುಡಿಯುವವನ ದೇಹದ ನೀರು ಬೆವರಾಗಿ ಹೋಗಿ, ಮೂತ್ರಕ್ಕೆ ಉಳಿಯುವುದು ಸ್ವಲ್ಪವೇ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲು ಕೆಲಸಕ್ಕೆ ನಿಷೇಧವಿದೆ, ಸೌದಿಯಲ್ಲಿಯೂ ಅದೇ ಮೂರು ತಿಂಗಳು ಇಂಥದೇ ನಿಯಮವಿದೆ. ಆದರೆ ಬೆಳಗಿನ ಹತ್ತು ಗಂಟೆಯ ಬಿಸಿಲೂ ಅಲ್ಲಿ ಕಡಿಮೆಯದಲ್ಲ, ಹತ್ತಿರದಲ್ಲಿ ಶೌಚಾಲಯವಿಲ್ಲವೆಂದು ಬೇಕೆಂದೇ ನೀರು ಕಡಿಮೆ ಕುಡಿಯುವವರೂ ಇದ್ದಾರೆ. ಕ್ಯಾಂಪಿನ ಊಟದಲ್ಲಿ ಮಾಂಸ ಮತ್ತು ಉಪ್ಪು ಹೆಚ್ಚಾಗಿ, ಮಜ್ಜಿಗೆ ಮತ್ತು ತರಕಾರಿ ಕಡಿಮೆಯಾದರೆ ಹರಳಿಗೆ ಇನ್ನಷ್ಟು ಅನುಕೂಲವಾಗುತ್ತದೆ. ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಮಾಂಸಾಹಾರ ಹೆಚ್ಚಿರುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಯೂರಿಕ್ ಆಮ್ಲದ ಹರಳು ಕೂಡ ಸಾಮಾನ್ಯ. ಇನ್ನು, ಅನೇಕರು ಹರಳನ್ನು ಊರಿನಿಂದಲೇ ಹೊತ್ತೊಯ್ದಿರುತ್ತಾರೆ. ಕೊಲ್ಲಿ ದೇಶಗಳಿಗೆ ಹೋಗುವ ಮುನ್ನ ಮಾಡುವ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ, ರಕ್ತ ಮತ್ತು ಮೂತ್ರ ಪರೀಕ್ಷೆಗಳೇ ಮುಖ್ಯವಾಗಿದ್ದು, ಹೊಟ್ಟೆಯ ಸ್ಕ್ಯಾನಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ "ಮೆಡಿಕಲ್ ಫಿಟ್" ಎಂದು ಬಂದ ಮಾತ್ರಕ್ಕೆ ಕಿಡ್ನಿಯಲ್ಲಿ ಹರಳಿಲ್ಲವೆಂದು ಅರ್ಥವಲ್ಲ. ಹಿಂದೆ ಒಮ್ಮೆಯಾದರೂ ಹರಳಾದವರು, ಮನೆಯಲ್ಲಿ ತಂದೆಗೋ ಅಣ್ಣತಮ್ಮಂದಿರಿಗೋ ಹರಳಿರುವವರು, ವೀಸಾ ಬಂದ ಕೂಡಲೇ ಒಂದು ಅಲ್ಟ್ರಾಸೌಂಡ್ ಮಾಡಿಸಿಕೊಂಡು ಹೊರಡುವುದು ಅತ್ಯಂತ ಅಗ್ಗದ ಮುನ್ನೆಚ್ಚರಿಕೆ.

ಈಗ ಕಾಯಬಹುದೇ, ಕಾಯಬಾರದೇ ಎಂಬ ಮುಖ್ಯ ಪ್ರಶ್ನೆಗೆ ಬರೋಣ. ಮೂತ್ರನಾಳಕ್ಕೆ ಇಳಿದ 5 ಮಿ.ಮೀ. ಒಳಗಿನ ಹರಳುಗಳಲ್ಲಿ ಸುಮಾರು ಮೂರರಲ್ಲಿ ಎರಡು ತಾವಾಗಿಯೇ ಹೊರಬೀಳುತ್ತವೆ. 5ರಿಂದ 10 ಮಿ.ಮೀ. ಇರುವವುಗಳಲ್ಲಿ ಅರ್ಧದಷ್ಟು ಮಾತ್ರ ಹಾಗೆ ಹೋಗುತ್ತವೆ. ಆದ್ದರಿಂದ ನೋವು ಹತೋಟಿಯಲ್ಲಿದ್ದು, ಜ್ವರವಿಲ್ಲದೆ, ಎರಡೂ ಕಿಡ್ನಿಗಳು ಸರಿಯಾಗಿದ್ದರೆ, ವೈದ್ಯರೇ ನಾಲ್ಕರಿಂದ ಆರು ವಾರ ಕಾದು ನೋಡಲು ಹೇಳುತ್ತಾರೆ, ನಾಳವನ್ನು ಸಡಿಲಗೊಳಿಸುವ ಗುಳಿಗೆಯನ್ನೂ ಕೆಲವರಿಗೆ ಕೊಡುತ್ತಾರೆ. ಕಿಡ್ನಿಯೊಳಗೇ ಸುಮ್ಮನೆ ಕುಳಿತು ಯಾವ ತೊಂದರೆಯನ್ನೂ ಕೊಡದ ಸಣ್ಣ ಹರಳಿಗಂತೂ ಅವಸರವಿಲ್ಲ. ಇಂಥ ಸ್ಥಿತಿಯಲ್ಲಿ "ಊರಿಗೆ ಬಂದಾಗ ತೋರಸ್ತೀನಿ" ಎಂಬುದು ವಿವೇಕದ ಮಾತೇ.

ಆದರೆ ಹರಳಿನ ನೋವಿನೊಂದಿಗೆ ಚಳಿಜ್ವರ ಬಂದರೆ ಲೆಕ್ಕವೇ ಬೇರೆ. ಕಟ್ಟಿಕೊಂಡ ನಾಳದ ಮೇಲ್ಗಡೆ ನಿಂತ ಮೂತ್ರದಲ್ಲಿ ಸೋಂಕು ಹತ್ತಿದರೆ, ಒತ್ತಡದಿಂದ ಅದು ನೇರವಾಗಿ ರಕ್ತಕ್ಕೆ ಸೇರಿ, ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು. ಆಂಟಿಬಯೋಟಿಕ್ ಒಂದೇ ಇದಕ್ಕೆ ಸಾಲದು, ಸ್ಟೆಂಟ್ ಇಟ್ಟೋ ಬೆನ್ನಿನಿಂದ ಕಿಡ್ನಿಗೆ ಸಣ್ಣ ಕೊಳವೆ ಹಾಕಿಯೋ ಕಟ್ಟಿದ ಮೂತ್ರವನ್ನು ಅಂದೇ ಹೊರಬಿಡಬೇಕಾಗುತ್ತದೆ. ಮೂತ್ರವೇ ಬರದಿರುವುದು, ಒಂದೇ ಕಿಡ್ನಿ ಇರುವವರಿಗೆ ಹರಳಾಗುವುದು, ಗರ್ಭಿಣಿಗೆ ಇಂಥ ನೋವು ಬರುವುದು, ಇಂಜೆಕ್ಷನ್ ಕೊಟ್ಟರೂ ನೋವು ಇಳಿಯದಿರುವುದು, ನಿಲ್ಲದ ವಾಂತಿ ಇವೂ ಇದೇ ಸಾಲಿಗೆ ಸೇರುತ್ತವೆ. ಇಂಥ ಹೊತ್ತಿನಲ್ಲಿ ಟಿಕೆಟ್ ಹುಡುಕುವುದು ದೊಡ್ಡ ತಪ್ಪು. ದುಬೈನಿಂದ ಮುಂಬೈಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ದಾರಿಯಾದರೂ, ಮನೆಯಿಂದ ನಿಲ್ದಾಣಕ್ಕೆ, ಮುಂಬೈಯಲ್ಲಿ ಇಳಿದು ಸೋಲಾಪುರದ ಮಾರ್ಗವಾಗಿ ವಿಜಯಪುರಕ್ಕೆ, ಅಲ್ಲಿಂದ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದಿರುತ್ತದೆ. ಆ ರೋಗಿಗೆ ಅಷ್ಟು ಸಮಯವಿರುವುದಿಲ್ಲ. ಸೌದಿಯಲ್ಲಿ 997, ಯುಎಇಯಲ್ಲಿ 998 ಆ್ಯಂಬುಲೆನ್ಸ್ ಸಂಖ್ಯೆಗಳು, ಅವು ಫೋನಿನಲ್ಲಿ ಮೊದಲೇ ಇರಲಿ.

ಇದಕ್ಕಿಂತ ಮೋಸದ ಇನ್ನೊಂದು ಸ್ಥಿತಿಯಿದೆ. ಹರಳು ನಾಳದಲ್ಲಿಯೇ ಸಿಕ್ಕಿಕೊಂಡಿದ್ದರೂ ಕೆಲವು ದಿನಗಳ ನಂತರ ನೋವು ತಾನಾಗಿ ನಿಂತುಬಿಡಬಹುದು. ಕಟ್ಟಿದ ಕಿಡ್ನಿ ಕ್ರಮೇಣ ಮೂತ್ರ ತಯಾರಿಸುವುದನ್ನೇ ಕಡಿಮೆ ಮಾಡುವುದರಿಂದ ಒತ್ತಡ ಇಳಿದು ನೋವು ಮಾಯವಾಗುತ್ತದೆ. ಹರಳು ಹೋಯಿತೆಂದು ಮನುಷ್ಯ ಕೆಲಸಕ್ಕೆ ಮರಳುತ್ತಾನೆ. ನಾಳ ಪೂರ್ತಿಯಾಗಿ ಕಟ್ಟಿಕೊಂಡು ಎರಡು ವಾರ ದಾಟಿದರೆ ಶಾಶ್ವತ ಹಾನಿ ಶುರುವಾಗುವ ಸಂಭವವಿದೆ. ವರ್ಷಕ್ಕೋ ಎರಡು ವರ್ಷಕ್ಕೋ ರಜೆಯ ಮೇಲೆ ಬಂದಾಗ ಸ್ಕ್ಯಾನಿಂಗಿನಲ್ಲಿ ಆ ಕಡೆಯ ಕಿಡ್ನಿ ನೀರು ತುಂಬಿದ ಚೀಲವಾಗಿ ಕಾಣುತ್ತದೆ. ಹರಳು ಬಿದ್ದದ್ದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳಬೇಕು, ಮೂರನೆಯ ದಾರಿಯಿಲ್ಲ. ಮೂತ್ರವನ್ನು ಚಹಾ ಸೋಸುವ ಜರಡಿಯಲ್ಲಿ ಸೋಸಿದರೆ ಬಿದ್ದ ಹರಳು ಸಿಗುತ್ತದೆ, ಅದನ್ನು ಪರೀಕ್ಷೆಗೆ ಕೊಟ್ಟರೆ ಯಾವ ಜಾತಿಯದೆಂದು ತಿಳಿಯುತ್ತದೆ.

ಚಿಕಿತ್ಸೆಯ ವಿಧಾನ ಬದಲಾಗಿರುವುದೂ ಈ ಗೊಂದಲಕ್ಕೆ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹರಳೆಂದರೆ ಪಕ್ಕೆ ಕೊಯ್ದು ತೆಗೆಯುವುದೇ ಆಗಿತ್ತು, ಕೊಯ್ದ ಗಾಯ ಆರುವವರೆಗೆ ರೋಗಿ ಆಸ್ಪತ್ರೆಯನ್ನು ಬಿಡುತ್ತಿರಲಿಲ್ಲ. 1976ರಲ್ಲಿ ಸ್ವೀಡನ್ನಿನ ವೈದ್ಯರು ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಹರಳು ತೆಗೆಯುವ ವಿಧಾನವನ್ನು ವರದಿ ಮಾಡಿದರು. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಮೊದಲ ರೋಗಿಯ ಹರಳನ್ನು ಪುಡಿಮಾಡಿದರು. ಈಗ ಮೂತ್ರದ ದಾರಿಯಿಂದಲೇ ತೆಳುವಾದ ದುರ್ಬೀನು ಹಾಯಿಸಿ ಲೇಸರಿನಿಂದ ಹರಳನ್ನು ಒಡೆಯುತ್ತಾರೆ. 2 ಸೆಂ.ಮೀ. ಮೀರಿದ ಕಿಡ್ನಿ ಹರಳಿಗೆ ಬೆನ್ನಿನ ದಾರಿ, ಅದಕ್ಕಿಂತ ಚಿಕ್ಕವಕ್ಕೆ ಲೇಸರ್ ಅಥವಾ ತರಂಗ ಎಂಬುದು ಸ್ಥೂಲ ಲೆಕ್ಕ. ಹೊರಗೆ ಗಾಯವೇ ಕಾಣದ ಈ ಚಿಕಿತ್ಸೆಯಲ್ಲಿ ಒಂದೆರಡು ದಿನದಲ್ಲಿ ಮನೆಗೆ ಕಳುಹಿಸುವುದರಿಂದ, ಎಲ್ಲ ಮುಗಿಯಿತೆಂಬ ಭಾವನೆ ಬರುತ್ತದೆ. ಒಳಗೆ ಸ್ಟೆಂಟ್ ಉಳಿದಿರುತ್ತದೆ.

ಡಿಜೆ ಸ್ಟೆಂಟ್ ಎಂದು ಕರೆಯುವ ಈ ಕೊಳವೆಯ ಎರಡೂ ತುದಿಗಳು ಸುರುಳಿಯಾಗಿದ್ದು, ಒಂದು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಕುಳಿತು, ನಾಳ ಊದಿಕೊಂಡರೂ ಮೂತ್ರ ಇಳಿಯುವಂತೆ ನೋಡಿಕೊಳ್ಳುತ್ತವೆ. ಅದು ಇರುವಷ್ಟು ದಿನ ಮೂತ್ರ ಮಾಡುವಾಗ ಉರಿ, ಪಕ್ಕೆಯಲ್ಲಿ ಸೆಳೆತ, ನಡೆದಾಡಿದಾಗ ಸ್ವಲ್ಪ ರಕ್ತ ಕಾಣಿಸುವುದು ಸಹಜ. ಇದನ್ನು ಕಂಡು ಆಪರೇಷನ್ ಕೆಟ್ಟಿತೆಂದು ಹೆದರುವವರು ಒಂದು ಕಡೆಯಾದರೆ, ಯಾವ ತೊಂದರೆಯೂ ಇಲ್ಲದೆ ಅದನ್ನು ಮರೆತೇಬಿಡುವವರು ಇನ್ನೊಂದು ಕಡೆ. ಸಾಮಾನ್ಯವಾಗಿ ಒಂದೆರಡು ವಾರಗಳಿಂದ ಕೆಲವು ವಾರಗಳೊಳಗೆ ಇದನ್ನು ತೆಗೆಯುತ್ತಾರೆ, ಹೆಚ್ಚಿನ ಸ್ಟೆಂಟ್‌ಗಳನ್ನು ಮೂರು ತಿಂಗಳು ಮೀರಿ ಬಿಡಬಾರದೆಂಬುದು ರೂಢಿಯ ನಿಯಮ. ಆ ಮೇಲೆ ಅದರ ಸುತ್ತಲೇ ಹರಳು ಕಟ್ಟುತ್ತದೆ. ಇಟ್ಟ ಆಸ್ಪತ್ರೆಯವರು ನೆನಪಿಸುತ್ತಾರೆಂದು ನಂಬುವುದು ಊರಿನಲ್ಲಿದ್ದವರಿಗೆ ಸರಿಹೋಗಬಹುದು, ಫೋನ್ ಸಂಖ್ಯೆ, ಕಂಪನಿ, ದೇಶ ಎಲ್ಲವೂ ಬದಲಾಗುವ ವಲಸಿಗನಿಗೆ ಸರಿಹೋಗುವುದಿಲ್ಲ. ಸೋಂಕು ಅಥವಾ ಊತವಿದ್ದಾಗ ಮೊದಲು ಸ್ಟೆಂಟ್ ಇಟ್ಟು, ಆಮೇಲೆ ಬೇರೊಂದು ದಿನ ಹರಳು ತೆಗೆಯುವ ಪದ್ಧತಿ ಜರ್ಮನಿ, ಬ್ರಿಟನ್‌ಗಳಲ್ಲಿಯೂ ಇದೆ. ಆದ್ದರಿಂದ ಇದು ಕ್ಯಾಂಪಿನ ಕಾರ್ಮಿಕರ ಸಮಸ್ಯೆ ಮಾತ್ರವಲ್ಲ, ಬೆಳಗಾವಿಯಿಂದ ಎಂಜಿನಿಯರಿಂಗ್ ಓದಿ ಹೋದವರಿಗೂ ಇದೇ ಅನ್ವಯಿಸುತ್ತದೆ.

ಹಣದ ವಿಷಯ. ಸೌದಿಯಲ್ಲಿ ಖಾಸಗಿ ಕಂಪನಿಗಳು ತಮ್ಮ ವಿದೇಶಿ ನೌಕರರಿಗೆ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ. ದುಬೈ 2013ರ 11ನೇ ಕಾಯ್ದೆಯ ಮೂಲಕ ಇದನ್ನು ಜಾರಿಗೆ ತಂದಿತು, 2025ರ ಜನವರಿ 1ರಿಂದ ಯುಎಇಯಲ್ಲಿ ಅಲ್ಲಿಯವರೆಗೆ ಈ ನಿಯಮವಿಲ್ಲದಿದ್ದ ಎಮಿರೇಟ್‌ಗಳಲ್ಲಿಯೂ ಖಾಸಗಿ ನೌಕರರಿಗೂ ಮನೆಗೆಲಸದವರಿಗೂ ವಿಮೆ ಕಡ್ಡಾಯವಾಗಿದೆ. ಅಂದರೆ ಕಾರ್ಡಿಲ್ಲದ ಕಾರ್ಮಿಕ, ವಿಮೆಯ ಹಣವನ್ನು ಸಂಬಳದಲ್ಲಿ ಕಡಿಯುವ ಮಾಲೀಕ ಇವೆರಡೂ ಅಲ್ಲಿಯ ಕಾನೂನಿಗೆ ವಿರುದ್ಧ, ಇದು ನಮ್ಮ ಹುಡುಗರಿಗೆ ಗೊತ್ತಿರಬೇಕು. ತುರ್ತು ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಬೇಕಿಲ್ಲ, ಆದರೆ ತುರ್ತಲ್ಲದ ಸಿ.ಟಿ. ಸ್ಕ್ಯಾನಿಗೂ ಲೇಸರ್ ಚಿಕಿತ್ಸೆಗೂ ವಿಮಾ ಕಂಪನಿಯ ಅಪ್ರೂವಲ್ ಬೇಕು. ನಮ್ಮ ಕಾಕಾನ ಮಗನ ಎರಡನೆಯ ಹಂತ ಸಿಕ್ಕಿಕೊಂಡದ್ದು ಇಲ್ಲಿಯೇ. ಅಪ್ರೂವಲ್ ತಿರಸ್ಕೃತವಾದರೆ ಅಥವಾ ತಡವಾದರೆ, ಕಾರಣವನ್ನು ಬರಹದಲ್ಲಿ ಕೇಳಿ, ಒಳಗೆ ಸ್ಟೆಂಟ್ ಇದೆ, ಇಷ್ಟು ದಿನದೊಳಗೆ ತೆಗೆಯಲೇಬೇಕು ಎಂದು ವೈದ್ಯರಿಂದ ಪತ್ರ ಬರೆಸಿ ಮತ್ತೆ ಸಲ್ಲಿಸಬೇಕು. ಕೆಲಸ ಬಿಡುವ ಯೋಚನೆಯಿದ್ದರೆ ರಾಜೀನಾಮೆಗೆ ಮೊದಲೇ ಸ್ಟೆಂಟ್ ತೆಗೆಸಿಕೊಳ್ಳಬೇಕು, ಏಕೆಂದರೆ ಉದ್ಯೋಗದೊಂದಿಗೆ ಆ ಕಾರ್ಡೂ ಹೋಗುತ್ತದೆ.

ಹತ್ತನೇ ತರಗತಿ ಪಾಸಾಗದ ಕಾರಣ ಇಸಿಆರ್ (ವಲಸೆ ತಪಾಸಣೆ ಅಗತ್ಯವಿರುವ) ಪಾಸ್‌ಪೋರ್ಟ್ ಹೊಂದಿ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರು, ವಲಸೆ ಅನುಮತಿ ಪಡೆಯುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯನ್ನು ಕಡ್ಡಾಯವಾಗಿ ಮಾಡಿಸಿರುತ್ತಾರೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಈ ಪಾಲಿಸಿಯನ್ನು ಅಪಘಾತದ ಸಾವಿಗೆ ಸಿಗುವ 10 ಲಕ್ಷ ರೂಪಾಯಿಗಾಗಿ ಮಾತ್ರ ಇರುವುದೆಂದು ಹೆಚ್ಚಿನವರು ತಿಳಿದಿದ್ದಾರೆ. ಕಾಯಿಲೆಗಾಗಿ ಆಸ್ಪತ್ರೆ ಸೇರಿದರೂ ಒಟ್ಟು 1 ಲಕ್ಷ ರೂಪಾಯಿಯವರೆಗೆ, ಒಂದು ಸಲದ ದಾಖಲಾತಿಗೆ 50 ಸಾವಿರ ರೂಪಾಯಿಯವರೆಗೆ ಅದರಲ್ಲಿ ಅವಕಾಶವಿದೆ, ಚಿಕಿತ್ಸೆ ಅಲ್ಲಿ ನಡೆದರೂ ಇಲ್ಲಿ ನಡೆದರೂ ಅದು ಅನ್ವಯಿಸುತ್ತದೆ. ಏಜೆಂಟನ ಕೈಯಲ್ಲಿಯೇ ಉಳಿದುಬಿಡುವ ಆ ಪಾಲಿಸಿಯ ಕಾಗದವನ್ನು ಹೊರಡುವ ಮೊದಲು ಕೇಳಿ ಪಡೆದು, ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಯಾವ ದಾರಿಯೂ ಕಾಣದೆ ಸಂಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೆ ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಲ್ಲಿ ಸ್ಥಾಪಿತವಾದ ಸಮುದಾಯ ಕಲ್ಯಾಣ ನಿಧಿಯಿದೆ. ಪ್ರತಿಯೊಂದು ಪ್ರಕರಣದ ಪರಿಸ್ಥಿತಿಯನ್ನು ನೋಡಿ ನೆರವು ಕೊಡುತ್ತಾರೆ, ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಬ್ರಿಟನ್ನಿಗೆ ಓದಲು ಅಥವಾ ಕೆಲಸಕ್ಕೆ ಹೋದವರು ವೀಸಾದೊಂದಿಗೆ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. 2024ರ ಫೆಬ್ರವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್. ಅಲ್ಲಿನ ಕಷ್ಟ ಹಣದ್ದಲ್ಲ, ಸರದಿಯದು. ಹೆಸರು ನೋಂದಾಯಿಸಿದ ಕುಟುಂಬ ವೈದ್ಯರಿಲ್ಲದಿದ್ದರೆ ಸರದಿಗೆ ಸೇರುವುದೇ ಕಷ್ಟವಾದ್ದರಿಂದ, ಹೋದ ಮೊದಲ ವಾರದಲ್ಲಿಯೇ ನೋಂದಾಯಿಸಿಕೊಳ್ಳಬೇಕು. ಜರ್ಮನಿಯಲ್ಲಿ ಸಾರ್ವಜನಿಕ ವಿಮೆ ಇರುವವರು ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ ಕಟ್ಟಿದರೆ ಸಾಕು, ಅದೂ ವರ್ಷಕ್ಕೆ 28 ದಿನಗಳವರೆಗೆ ಮಾತ್ರ.

ಅಮೆರಿಕದ ಮಾತು ಬಂದಾಗ ನನ್ನ ಚಿಂತೆ ಅಲ್ಲಿ ಕೆಲಸದಲ್ಲಿರುವ ಮಕ್ಕಳಿಗಿಂತ, ಮೊಮ್ಮಗುವನ್ನು ನೋಡಲು ಆರು ತಿಂಗಳ ಮಟ್ಟಿಗೆ ಹೋಗುವ ಅಪ್ಪ ಅವ್ವಂದಿರ ಕುರಿತು. ಪ್ರವಾಸ ವಿಮೆಗಳಲ್ಲಿ ಮೊದಲಿನಿಂದ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ, ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಕೊಡುವ ಪಾಲಿಸಿಗಳಿವೆ, ಅವಕ್ಕೂ ವಯಸ್ಸಿನ ಮಿತಿಗಳಿರುತ್ತವೆ. ಕಿಡ್ನಿಯಲ್ಲಿ ಹರಳಿದೆಯೆಂದು ಗೊತ್ತಿದ್ದೂ ಅದನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ, ಅಗತ್ಯ ಬಿದ್ದ ದಿನ ಪಾಲಿಸಿ ಕೈಕೊಡುತ್ತದೆ. 1986ರ ಫೆಡರಲ್ ಕಾಯ್ದೆಯ ಪ್ರಕಾರ ತುರ್ತು ವಿಭಾಗದವರು ಹಣವಿದೆಯೇ ಎಂದು ನೋಡದೆ ಪರೀಕ್ಷಿಸಿ, ಸ್ಥಿತಿಯನ್ನು ಸ್ಥಿರಗೊಳಿಸಲೇಬೇಕು, ಆದರೆ ಬಿಲ್ಲು ಆಮೇಲೆ ಮನೆಗೆ ಬರುತ್ತದೆ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ಲಿಖಿತ ನೀತಿಯನ್ನು ಹೊಂದಿರಬೇಕೆಂಬ ನಿಯಮ ಅಲ್ಲಿದೆ, ಹೀಗಾಗಿ ಬಿಲ್ಲು ಬಂದ ಮೇಲೆ ಹೆದರಿ ಸುಮ್ಮನಾಗದೆ, ಐಟಂವಾರು ಪಟ್ಟಿಯನ್ನೂ ನೆರವಿನ ಅರ್ಜಿಯನ್ನೂ ಕೇಳಬೇಕು. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ, ಹರಳಿರುವ ಹಿರಿಯರು ವಿಮಾನ ಹತ್ತುವ ಒಂದೆರಡು ತಿಂಗಳ ಮೊದಲೇ ಬೆಳಗಾವಿಯಲ್ಲಿಯೋ ವಿಜಯಪುರದಲ್ಲಿಯೋ ಅದನ್ನು ತೆಗೆಸಿಕೊಂಡು ಹೋಗುವುದು.

ಊರಿಗೆ ಬಂದು ಚಿಕಿತ್ಸೆ ಪಡೆಯುವ ನಿರ್ಧಾರಕ್ಕೆ ನಾನು ವಿರೋಧಿಯಲ್ಲ. ಬೆಳಗಾವಿಯ ಕೆಎಲ್ಇ ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬಾಗಲಕೋಟೆಯ ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆಗಳಂಥ ದೊಡ್ಡ ಆಸ್ಪತ್ರೆಗಳಿರುವ ಈ ಭಾಗದಲ್ಲಿ ಹರಳಿಗಾಗಿ ಪುಣೆ, ಮುಂಬೈಗೆ ಅಲೆಯಬೇಕಾಗಿಲ್ಲ. ನಮ್ಮ ಮಾತಿನಲ್ಲಿಯೇ ನೋವು ಹೇಳಿಕೊಳ್ಳಬಹುದು, ಮನೆಯವರು ಪಕ್ಕದಲ್ಲಿರುತ್ತಾರೆ, ಗಂಜಿ ಮಾಡಿಕೊಡುವವರಿರುತ್ತಾರೆ, ಇವನ್ನೆಲ್ಲ ಕಡಿಮೆಯೆಂದು ಎಣಿಸಬಾರದು. ಆದರೆ ಬರುವ ಮುನ್ನ ಹಣದ ಲೆಕ್ಕವನ್ನು ಸರಿಯಾಗಿ ಹಾಕಿಕೊಳ್ಳಬೇಕು. ನೋವು ಬಂದ ಮೇಲೆ ಇಲ್ಲಿ ಹೊಸ ಆರೋಗ್ಯ ವಿಮೆ ಮಾಡಿಸಿದರೆ ಉಪಯೋಗವಿಲ್ಲ. ಮೂತ್ರದ ಹರಳು, ಪಿತ್ತಕೋಶದ ಹರಳು, ಹರ್ನಿಯಾ ಮೊದಲಾದವುಗಳಿಗೆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು, ಈ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಗದಿಪಡಿಸಿದೆ. ಆದ್ದರಿಂದ ಪರದೇಶದಲ್ಲಿ ಆರೋಗ್ಯವಾಗಿರುವಾಗಲೇ ಇಲ್ಲಿ ಒಂದು ಪಾಲಿಸಿಯನ್ನು ನಡೆಸಿಕೊಂಡು ಬರುವುದು ಲೇಸು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿಯವರೆಗೆ ಸೌಲಭ್ಯವಿದೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಪಡೆಯಬೇಕಾಗುತ್ತದೆ. ಮೂರು ವಾರದ ರಜೆಯಲ್ಲಿ ಬಂದವರು ಮೊದಲೆರಡು ವಾರಗಳನ್ನು ಮದುವೆ ಮುಂಜಿವೆಗಳಲ್ಲಿ ಕಳೆದು, ಕೊನೆಯ ವಾರ ಆಸ್ಪತ್ರೆಗೆ ಬರುವುದನ್ನು ನಾನು ನೋಡಿದ್ದೇನೆ. ಆಗ ಇಲ್ಲಿ ಇಟ್ಟ ಸ್ಟೆಂಟನ್ನು ಹೊತ್ತುಕೊಂಡು ಅಲ್ಲಿಗೆ ಮರಳುವ ಪರಿಸ್ಥಿತಿ ಬರುತ್ತದೆ. ಬಂದ ಮರುದಿನವೇ ಆಸ್ಪತ್ರೆಗೆ ಹೋದರೆ ಹರಳನ್ನೂ ಸ್ಟೆಂಟನ್ನೂ ರಜೆಯೊಳಗೆ ಮುಗಿಸಬಹುದು.

ಮನೆಯವರು ಪ್ರೀತಿಯಿಂದ ಕಳುಹಿಸುವ ಗಂಟಿನ ಬಗ್ಗೆಯೂ ಹೇಳಲೇಬೇಕು. ನೋವಿಗೆಂದು ಇಲ್ಲಿ ಬರೆದುಕೊಡುವ ಟ್ರಮಡಾಲ್ ಗುಳಿಗೆ ಕೊಲ್ಲಿ ದೇಶಗಳಲ್ಲಿ ನಿಯಂತ್ರಿತ ಔಷಧ. ಯುಎಇಗೆ ಅಂಥದನ್ನು ಒಯ್ಯಲು ಅಲ್ಲಿಯ ಆರೋಗ್ಯ ಸಚಿವಾಲಯದ ಅನುಮತಿಯನ್ನು ಮೊದಲೇ ಪಡೆಯಬೇಕು, ಇಲ್ಲವಾದರೆ ವಿಮಾನ ನಿಲ್ದಾಣದಲ್ಲಿಯೇ ಬಂಧನವಾಗಬಹುದು. ಗಸಗಸೆಯನ್ನಂತೂ ಅಡುಗೆಗೆಂದೂ ಆ ದೇಶಗಳಿಗೆ ಒಯ್ಯುವಂತಿಲ್ಲ. ಹೆಸರಿಲ್ಲದ ಪುಡಿಗಳನ್ನು ಅಲ್ಲಿಗೆ ಹೋಗುವ ಯಾರದೋ ಚೀಲದಲ್ಲಿಟ್ಟು ಕಳುಹಿಸುವುದು ಅವರನ್ನೂ ಅಪಾಯಕ್ಕೆ ದೂಡಿದಂತೆ. ಇನ್ನು ಹುರಳಿಕಟ್ಟು, ಬಾಳೆದಿಂಡಿನ ರಸ. ಇವನ್ನು ಕುಡಿಯಬೇಡಿರೆಂದು ನಾನು ಹೇಳುವುದಿಲ್ಲ, ಆ ನೆಪದಲ್ಲಾದರೂ ಹೊಟ್ಟೆಗೆ ನೀರು ಹೋಗುತ್ತದೆ, ಸಣ್ಣ ಹರಳು ಆ ಹೊತ್ತಿಗೆ ತಾನಾಗಿ ಬಿದ್ದರೆ ಸಂತೋಷ. ಆದರೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳನ್ನು ಕರಗಿಸುವ ಔಷಧ ಯಾವ ಪದ್ಧತಿಯಲ್ಲಿಯೂ ಸಾಬೀತಾಗಿಲ್ಲ. ಮೂತ್ರದ ಆಮ್ಲತೆಯನ್ನು ತಗ್ಗಿಸುವ ಪೊಟ್ಯಾಸಿಯಂ ಸಿಟ್ರೇಟಿನಂಥ ಔಷಧದಿಂದ ಕರಗುವುದು ಮುಖ್ಯವಾಗಿ ಯೂರಿಕ್ ಆಮ್ಲದ ಹರಳು ಮಾತ್ರ. ಹರಳಿನ ಜಾತಿ ತಿಳಿಯುವುದರ ಲಾಭ ಇಲ್ಲಿದೆ.

ಒಮ್ಮೆ ಹರಳಾದವರಲ್ಲಿ ಅರ್ಧದಷ್ಟು ಜನರಿಗೆ ಐದರಿಂದ ಹತ್ತು ವರ್ಷಗಳೊಳಗೆ ಮತ್ತೆ ಆಗುತ್ತದೆ. ಇದನ್ನು ತಡೆಯಲು ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಕುಡಿಯುವ ಅಳತೆಗಿಂತ ಹೋಗುವ ಅಳತೆ ಮುಖ್ಯ, ಏಕೆಂದರೆ ಬಯಲಿನಲ್ಲಿ ದುಡಿಯುವವನು ನಾಲ್ಕು ಲೀಟರ್ ಕುಡಿದರೂ ಬೆವರಿನ ಪಾಲು ಹೋಗಿ ಉಳಿಯುವುದು ಕಡಿಮೆ. ಮೂತ್ರದ ಬಣ್ಣ ನೀರಿನಂತೆ ತಿಳಿಯಾಗಿದ್ದರೆ ಸರಿಯಾಗಿದೆ ಎಂದರ್ಥ. ಬೋರ್‌ವೆಲ್ಲಿನ ಗಡಸು ನೀರಿನಿಂದಲೇ ಹರಳಾಗುತ್ತದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದ್ದರೂ, ನೀರು ಎಂಥದು ಎನ್ನುವುದಕ್ಕಿಂತ ಎಷ್ಟು ಕುಡಿಯುತ್ತೇವೆ ಎನ್ನುವುದೇ ದೊಡ್ಡ ಕಾರಣ. ಹಾಲು ಮೊಸರು ಬಿಡಬೇಕೆಂಬ ಸಲಹೆಯೂ ತಪ್ಪು. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದಿಡುವುದರಿಂದ ಅದು ಮೂತ್ರಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು ತಿನ್ನುವ ನಮ್ಮ ರೂಢಿ ಈ ದೃಷ್ಟಿಯಿಂದ ಒಳ್ಳೆಯದೇ. ಬಿಡಬೇಕಾದದ್ದು ಹೆಚ್ಚಿನ ಉಪ್ಪು, ಮಿತಿಮೀರಿದ ಮಾಂಸ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಇಂಡಿ ಲಿಂಬೆಯ ನಾಡಿನವರಿಗೆ ಇನ್ನೊಂದು ಅನುಕೂಲವಿದೆ, ಲಿಂಬೆಯಲ್ಲಿರುವ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಉಪ್ಪು, ಸಕ್ಕರೆ ಹಾಕದೆ ಕುಡಿದರೆ ಮಾತ್ರ ಅದರ ಪೂರ್ಣ ಲಾಭ.

ಕೊನೆಯದಾಗಿ, ಯಾವಾಗಲೂ ಜೊತೆಯಲ್ಲಿಟ್ಟುಕೊಳ್ಳಬೇಕಾದ ಕಾಗದಗಳು. ಡಿಸ್ಚಾರ್ಜ್ ಸಾರಾಂಶದ ಇಂಗ್ಲಿಷ್ ಪ್ರತಿ, ಸಿ.ಟಿ. ಸ್ಕ್ಯಾನಿನ ವರದಿಯೊಂದಿಗೆ ಅದರ ಸಿ.ಡಿ. ಅಥವಾ ಮೂಲ ಫೈಲು, ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಕಲ್ಚರ್ ವರದಿ, ಹರಳಿನ ವಿಶ್ಲೇಷಣೆಯ ಫಲಿತಾಂಶ, ಸ್ಟೆಂಟ್ ಇದ್ದರೆ ಯಾವ ಕಡೆ, ಯಾವ ದಿನ ಇಟ್ಟರು, ಯಾವ ದಿನದೊಳಗೆ ತೆಗೆಯಬೇಕು ಎಂಬುದು. ಮೊಬೈಲಿನಲ್ಲಿ ಕ್ಲಿಕ್ಕಿಸಿದ ಸ್ಕ್ಯಾನ್ ಫಿಲ್ಮಿನ ಮಸುಕು ಚಿತ್ರ ನೋಡಿ ಯಾವ ವೈದ್ಯರೂ ಅಳತೆ ಹೇಳಲಾರರು. ನಮ್ಮ ಕಾಕಾನ ಮಗ ಕಳೆದ ವರ್ಷ ಮತ್ತೆ ಸೌದಿಗೆ ಹೊರಟಾಗ, ಅವನ ಪಾಸ್‌ಪೋರ್ಟಿನ ಕವರಿನಲ್ಲಿ ಎರಡು ಮಡಿಕೆ ಮಾಡಿದ ಒಂದು ಹಾಳೆ ಇತ್ತು. ಎಡ ಕಿಡ್ನಿ, ಕ್ಯಾಲ್ಸಿಯಂ ಆಕ್ಸಲೇಟ್, ಸ್ಟೆಂಟ್ ತೆಗೆದ ದಿನಾಂಕ, ಮುಂದಿನ ಸ್ಕ್ಯಾನಿನ ತಿಂಗಳು. ಅದೇ ಹಾಳೆಯ ಇನ್ನೊಂದು ಪ್ರತಿ ನಮ್ಮ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ, ಆ ತಿಂಗಳು ಬಂದಾಗ ಅವನಿಗೆ ಫೋನ್ ಮಾಡುವ ಕೆಲಸವನ್ನು ಕಾಕು ವಹಿಸಿಕೊಂಡಿದ್ದಾಳೆ.